ಪಾಲಿನ ದಾವೆಯೂ ಅಡಿಕೆ ತೋಟವೂ



ಗುಡವಿಯ ಕೆರೆಗೆ ಹಕ್ಕಿಗಳು ಬಂದು ಗೂಡು ಕಟ್ಟುವ ಮಳೆಗಾಲದಲ್ಲೇ ಅಡಿಕೆಗೆ ಕೊಳೆರೋಗವೂ ಬರುತ್ತದೆ. ಮಳೆಗೆ ಮುಂಚೆ ಬೋರ್ಡೋ ದ್ರಾವಣ ಹೊಡೆಯಬೇಕೆಂಬುದು ತಮಗೆ ಗೊತ್ತಿರುವ ಸಂಗತಿ. ಆದರೂ ಹೊಡೆಯದ ತೋಟ ಕಂಡು ಕಾರಣ ಕೇಳಿದರೆ, ‘ಪಾಲಿನ ಕೇಸು ಕೋರ್ಟಿನಲ್ಲಿದೆ ಸ್ವಾಮಿ’ ಎಂಬ ಉತ್ತರ ಎಷ್ಟೋ ಸಲ ಬರುತ್ತದೆ. ಆದಕಾರಣ ಈ ವಾರ ಗೊಬ್ಬರದ ಮಾತು ಬಿಟ್ಟು ಕೋರ್ಟಿನ ಮಾತು.

ಭತ್ತದಲ್ಲಿ ಅಲ್ಪಾವಧಿ, ದೀರ್ಘಾವಧಿ ತಳಿಗಳಿರುವಂತೆ ಸಿವಿಲ್ ದಾವೆಗಳಲ್ಲೂ ಉಂಟು. ಕರ್ನಾಟಕದ 2005ರ ನಿಯಮಗಳು ಅವನ್ನು ನಾಲ್ಕು ವರ್ಗ ಮಾಡಿವೆ. ಜೀವನಾಂಶ, ಬಾಡಿಗೆ ವಸೂಲಿ, ಶಾಶ್ವತ ತಡೆಯಾಜ್ಞೆಯಂಥವು ಮೊದಲನೆಯ ವರ್ಗ. 9 ತಿಂಗಳಲ್ಲಿ ಮುಗಿಸಲು ಯತ್ನಿಸಬೇಕು. ಪಾಲುವಿಭಾಗ, ಹಕ್ಕು ಘೋಷಣೆ, ಸ್ವಾಧೀನದ ದಾವೆಗಳು ಮೂರನೆಯದು. ಅವಕ್ಕೆ 24 ತಿಂಗಳು. ಇದು ಗುರಿಯೇ ಹೊರತು ಗ್ಯಾರಂಟಿಯಲ್ಲ.

ತಡಕ್ಕೆ ಕೋರ್ಟನ್ನೇ ಬೈದರೆ ಸಾಲದು. ಪಾಲಿನ ದಾವೆಯಲ್ಲಿ ಪ್ರತಿಯೊಬ್ಬ ಹಕ್ಕುದಾರನಿಗೂ ಸಮನ್ಸು ಮುಟ್ಟಬೇಕು. ಮದುವೆಯಾಗಿ ಹೋದ ಅಕ್ಕತಂಗಿಯರ ಹೆಸರು ಬಿಟ್ಟು ದಾವೆ ಹೂಡುವವರು ಇಂದಿಗೂ ಇದ್ದಾರೆ. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತದಲ್ಲಿ ಮಗಳಿಗೆ ಹುಟ್ಟಿನಿಂದಲೇ ಸಮಪಾಲು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಸ್ಪಷ್ಟಪಡಿಸಿದೆ. ಬಿಟ್ಟ ಹೆಸರು ಮೂರು ವರ್ಷದ ಮೇಲೆ ಬಂದು ಸೇರಿದರೆ ಕೇಸು ಮತ್ತೆ ಸಸಿಮಡಿಗೇ ಬಂದಂತೆ! ವಂಶವೃಕ್ಷ, ಪಹಣಿ, ಹಕ್ಕು ಬದಲಾವಣೆ ದಾಖಲೆ, ಸರ್ವೆ ನಕ್ಷೆ ಇವನ್ನು ವಕೀಲರಿಗೆ ಮೊದಲ ದಿನವೇ ಒಪ್ಪಿಸಿರಿ. ಒಂದು ಸರ್ವೆ ನಂಬರನ್ನೂ ಮರೆಮಾಚಬೇಡಿ.

ಇನ್ನೊಂದು ಸಂಗತಿ. ಮೊದಲು ಬರುವ ಪ್ರಾಥಮಿಕ ಡಿಕ್ರಿ ಯಾರಿಗೆ ಎಷ್ಟು ಭಾಗ ಎಂದಷ್ಟೇ ಹೇಳುತ್ತದೆ. ಯಾವ ಬದು ಯಾರದೆಂದು ಹೇಳುವುದಿಲ್ಲ. ಕಂದಾಯದ ಜಮೀನನ್ನು ಹಂಚುವ ಕೆಲಸವನ್ನು ಕರ್ನಾಟಕದಲ್ಲಿ ಕೋರ್ಟೇ ಮಾಡುತ್ತದೆ, ಬೇಕಾದರೆ ಕಂದಾಯ ಅಧಿಕಾರಿಯ ಅಥವಾ ಕಮಿಷನರ ವರದಿ ತರಿಸಿಕೊಳ್ಳುತ್ತದೆ. ಪ್ರಾಥಮಿಕ ಡಿಕ್ರಿಯ ನಂತರ ಬೇರೆ ಅರ್ಜಿಗೆ ಕಾಯದೆ ವಿಚಾರಣಾ ನ್ಯಾಯಾಲಯವೇ ಮುಂದುವರಿಯಬೇಕೆಂದು 2022ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ. ಹಾಗೆಂದು ಡಿಕ್ರಿಯನ್ನು ಟ್ರಂಕಿನಲ್ಲಿಟ್ಟು ಕೂರಬೇಡಿ, ವಕೀಲರನ್ನು ವಿಚಾರಿಸುತ್ತಿರಿ.

ಅಲ್ಲಿಯವರೆಗೆ ತೋಟದ ಗತಿ? ಒಬ್ಬರು ಸಾಗುವಳಿ ನೋಡಿ ಲೆಕ್ಕ ಒಪ್ಪಿಸುವುದೆಂದು ಎರಡೂ ಕಡೆಯವರು ಕೋರ್ಟಿಗೆ ಜಂಟಿಯಾಗಿ ಬರೆದುಕೊಡಬಹುದು. ಒಪ್ಪಿಗೆಯಾಗದಿದ್ದರೆ ರಿಸೀವರ್ ನೇಮಕಕ್ಕೆ ಅರ್ಜಿ ಹಾಕಬಹುದು. ಸಿವಿಲ್ ಕೋರ್ಟುಗಳಿಗೆ ಬೇಸಿಗೆ ರಜೆ ಇರುವುದರಿಂದ ಮಾರ್ಚಿಯಲ್ಲೇ ಈ ಕೆಲಸ ಮುಗಿಸಿರಿ. ಮೈಲುತುತ್ತ, ಸುಣ್ಣ ಕೊಂಡ ರಸೀದಿಗಳನ್ನು ಜೋಪಾನವಾಗಿಡಿ. ಲೆಕ್ಕ ಕೇಳಿದಾಗ ಕೋರ್ಟಿಗೆ ತೋರಿಸಬೇಕಾಗುತ್ತದೆ.