ಅಂಗಳದ ಮಾತು, ಕಚೇರಿಯ ಕಾಗದ

ಕಾಸರಗೋಡು ನಗರಸಭೆಯ ಜನಸಂಖ್ಯೆ 2011ರ ಗಣತಿಯಂತೆ 54 ಸಾವಿರ ಚಿಲ್ಲರೆ. ವಾರ್ಡುಗಳು ನಲ್ವತ್ತರ ಹತ್ತಿರ. ಅಂದರೆ ಒಂದು ವಾರ್ಡಿಗೆ ಹೆಚ್ಚುಕಡಿಮೆ 1,400 ಜನ. ಮುಖ ನೋಡಿ ಗುರುತು ಹಿಡಿಯಬಹುದಾದಷ್ಟೇ ಮಂದಿ. ಬೀರಂತಬೈಲಾಗಲಿ ನೆಲ್ಲಿಕುಂಜೆಯಾಗಲಿ ತಳಂಗರೆಯಾಗಲಿ, ಯಾರ ಬಾವಿ ಏಪ್ರಿಲಿನಲ್ಲಿ ಬತ್ತುತ್ತದೆ, ಯಾವ ತೋಡು ಮೊದಲ ಮಳೆಗೇ ರಸ್ತೆಗೆ ನುಗ್ಗುತ್ತದೆ, ಯಾವ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ ಎಂಬುದೆಲ್ಲ ನೆರೆಕರೆಗೆ ಗೊತ್ತು. ಕೇರಳದ 1994ರ ನಗರಸಭಾ ಕಾಯ್ದೆ ಈ ತಿಳಿವಳಿಕೆಯ ಮೇಲೆ ನಂಬಿಕೆಯಿಟ್ಟಿದೆ. ಲಕ್ಷಕ್ಕಿಂತ ಕಡಿಮೆ ಜನರಿರುವ ನಗರಗಳಲ್ಲಿ ಪ್ರತಿ ವಾರ್ಡಿಗೂ ಒಂದು ವಾರ್ಡ್ ಸಭೆ, ಆ ವಾರ್ಡಿನ ಮತದಾರರೆಲ್ಲರೂ ಅದರ ಸದಸ್ಯರು.

ಹೀಗಿದ್ದೂ ನೆರೆಕರೆಗೆ ಗೊತ್ತಿರುವುದು ನಗರಸಭೆಯ ಕಡತದವರೆಗೆ ಏಕೆ ತಲುಪುವುದಿಲ್ಲ? ಹಣವಿಲ್ಲ ಎನ್ನುತ್ತಾರೆ, ರಾಜಕೀಯ ಎನ್ನುತ್ತಾರೆ, ಜನರಿಗೆ ಆಸಕ್ತಿಯಿಲ್ಲ ಎನ್ನುತ್ತಾರೆ. ಮೂರರಲ್ಲೂ ಸ್ವಲ್ಪ ಸತ್ಯವಿದೆ. ಆದರೆ ಮೂರಕ್ಕಿಂತಲೂ ಆಳದ ಕಾರಣ ಒಂದಿದೆ ಎಂದು ನನಗನ್ನಿಸುತ್ತದೆ. ಅಂಗಳದಲ್ಲಿ ಆಡಿದ ಮಾತು ಕಚೇರಿಯ ಕಾಗದವಾಗುವ ದಾರಿಯಲ್ಲಿ ಬಹಳಷ್ಟು ಸೋರಿಹೋಗುತ್ತದೆ. ಎಲ್ಲ ಊರುಗಳಲ್ಲೂ ಇದು ಇದ್ದದ್ದೇ. ಕಾಸರಗೋಡಿನಲ್ಲಿ ಆ ದಾರಿ ಒಂದು ಭಾಷೆಯಿಂದ ಇನ್ನೊಂದು ಭಾಷೆಗೆ ದಾಟುವ ದಾರಿಯೂ ಆಗಿರುವುದರಿಂದ ಸೋರಿಕೆ ಇನ್ನಷ್ಟು ಹೆಚ್ಚು.

ವ್ಯವಸ್ಥೆಯನ್ನು ಕಟ್ಟಿದವರ ಉದ್ದೇಶ ಸಣ್ಣದಾಗಿರಲಿಲ್ಲ. 1996ರ ಆಗಸ್ಟ್ 17ರಂದು, ಚಿಂಗಂ ತಿಂಗಳ ಮೊದಲ ದಿನ, ಕೇರಳದಲ್ಲಿ ಜನಕೀಯ ಯೋಜನೆ, ಅಂದರೆ ಜನರೇ ಸೇರಿ ಯೋಜನೆ ರೂಪಿಸುವ ಕ್ರಮ, ಶುರುವಾಯಿತು. ರಾಜ್ಯದ ಯೋಜನಾ ಹಣದ ಶೇ. 35ರಿಂದ 40ರಷ್ಟನ್ನು ಪಂಚಾಯತು, ನಗರಸಭೆಗಳ ಕೈಗೆ ಕೊಡುವ ತೀರ್ಮಾನವಾಯಿತು. ಕರ್ನಾಟಕದಲ್ಲಿ ಸಚಿವ ಅಬ್ದುಲ್ ನಜೀರ್ ಸಾಬರು ಎಂಬತ್ತರ ದಶಕದಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತುಗಳನ್ನು ಕಟ್ಟಿ ತೋರಿಸಿದ ದಿಕ್ಕಿನಲ್ಲೇ ಕೇರಳ ಇನ್ನೂ ಕೆಳಗೆ, ವಾರ್ಡಿನವರೆಗೆ ಇಳಿಯಿತು. ಎರಡು ವರ್ಷದ ನಂತರ, 1998ರಲ್ಲಿ, ಹೆಂಗಸರ ಸಂಘಗಳ ಜಾಲವಾದ ಕುಟುಂಬಶ್ರೀ ಬಂತು. ಹತ್ತಿಪ್ಪತ್ತು ಮನೆಗಳ ಹೆಂಗಸರ ಅಯಲ್‌ಕೂಟ, ವಾರ್ಡಿನ ಮಟ್ಟದಲ್ಲಿ ಎ.ಡಿ.ಎಸ್., ನಗರಸಭೆಯ ಮಟ್ಟದಲ್ಲಿ ಸಿ.ಡಿ.ಎಸ್. ಹೀಗೆ ಮೂರು ಮೆಟ್ಟಿಲು. ಮನೆಯಂಗಳದಿಂದ ಪುರಭವನದವರೆಗೆ ಮಾತು ಹತ್ತಿ ಹೋಗಲು ಇದಕ್ಕಿಂತ ನೇರವಾದ ಏಣಿ ಸಿಗುವುದು ಕಷ್ಟ.

ಈಗ ವಾರ್ಡ್ ಸಭೆಯಲ್ಲಿ ನಡೆಯುವುದೇನು? ಹೆಚ್ಚಿನ ಹೊತ್ತು ಫಲಾನುಭವಿಗಳ ಪಟ್ಟಿಗೇ ಹೋಗುತ್ತದೆ. ಆಡು, ಕೋಳಿಗೂಡು, ಮನೆ ದುರಸ್ತಿ, ನೀರಿನ ಟ್ಯಾಂಕ್, ಗೊಬ್ಬರದ ತೊಟ್ಟಿ. ಬೇಕಾದವರು ಬಂದು ಅರ್ಜಿ ಕೊಟ್ಟು, ಪುಸ್ತಕದಲ್ಲಿ ಸಹಿ ಹಾಕಿ, ಹೆಸರು ಓದಿದ ಮೇಲೆ ಎದ್ದು ಹೋಗುತ್ತಾರೆ. ಸ್ವಂತ ಬಾವಿ, ಕಾರು, ಗಲ್ಫಿನಿಂದ ಹಣ ಇರುವ ಮನೆಯವರು ಬರುವುದೇ ಇಲ್ಲ. ಪಟ್ಟಿಯಲ್ಲಿ ತಮಗೇನೂ ಇಲ್ಲದ ಮೇಲೆ ಸಭೆಯಲ್ಲಿ ತಮಗೇನು ಕೆಲಸ ಎಂಬುದು ಅವರ ಲೆಕ್ಕ. ಚರಂಡಿ, ದಾರಿದೀಪ, ಕಸ, ಕೆರೆ, ಗ್ರಂಥಾಲಯ ಎಲ್ಲರಿಗೂ ಸೇರಿದವು. ಆದರೆ ಅವುಗಳ ಬಗ್ಗೆ ಮಾತಾಡಬೇಕಾದ ಹೊತ್ತಿಗೆ ಕುರ್ಚಿಗಳು ಖಾಲಿಯಾಗಿರುತ್ತವೆ. ಎಲ್ಲರ ವಿಷಯ ಯಾರ ವಿಷಯವೂ ಆಗದೆ ಉಳಿಯುತ್ತದೆ.

ಹಾಗೆಂದು ಪಟ್ಟಿಯನ್ನು ಹಗುರವಾಗಿ ಕಾಣುವ ಹಕ್ಕು ಈ ಜಿಲ್ಲೆಯಲ್ಲಿ ಯಾರಿಗೂ ಇಲ್ಲ. ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದ ನೆಲವಿದು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಡಾ. ವೈ.ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬರುವ ರೋಗಿಗಳ ಕಾಯಿಲೆಗಳು ಸಹಜವಲ್ಲ ಎಂಬುದನ್ನು ಗಮನಿಸಿದರು. ಪತ್ರಕರ್ತ ಶ್ರೀ ಪಡ್ರೆ ಅದನ್ನು ಹೊರಗಿನ ಜಗತ್ತಿಗೆ ಮುಟ್ಟಿಸಿದರು. ಇಲ್ಲಿ ನನಗೆ ಮುಖ್ಯವಾಗಿ ಕಾಣುವ ಸಂಗತಿಯೊಂದಿದೆ. ದೊಡ್ಡ ಸಂಸ್ಥೆಗಳ ಅಧ್ಯಯನಗಳೆಲ್ಲ ಆಮೇಲೆ ಬಂದವು. ಮೊದಲು ಇದ್ದದ್ದು, ಮನೆಯವರು ತಮ್ಮ ಮಾತಿನಲ್ಲಿ ಹೇಳಿಕೊಂಡ ಕಷ್ಟವನ್ನು ಅದೇ ಮಾತಿನಲ್ಲಿ ಕೇಳಿಸಿಕೊಳ್ಳಬಲ್ಲ ಒಬ್ಬ ಊರ ವೈದ್ಯರು. ಮುಂದೆ ಸಂತ್ರಸ್ತರ ಪಟ್ಟಿಗಳಾದವು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಅದು ಪೂರ್ತಿ ಜಾರಿಯಾಗದ್ದಕ್ಕೆ 2022ರಲ್ಲಿ ಅದೇ ಕೋರ್ಟು ಸರಕಾರವನ್ನು ಮತ್ತೆ ತರಾಟೆಗೆ ತೆಗೆದುಕೊಂಡಿತು. ಹೆಸರು ಪಟ್ಟಿಯಲ್ಲಿದ್ದರೆ ಔಷಧಿ, ಪಿಂಚಣಿ, ಪರಿಹಾರ. ಇಲ್ಲದಿದ್ದರೆ ಏನೂ ಇಲ್ಲ. ಸಂತ್ರಸ್ತರನ್ನು ಗುರುತಿಸುವ ಶಿಬಿರದ ಮೇಜಿನ ಮುಂದೆ ನಿಂತ ತಾಯಿ ಮಗುವಿನ ಹತ್ತು ವರ್ಷದ ಕಥೆಯನ್ನು ಕೆಲವೇ ನಿಮಿಷದಲ್ಲಿ ಹೇಳಿ ಮುಗಿಸಬೇಕಾಗುತ್ತದೆ. ಆ ಮಾತು ಸರಿಯಾಗಿ ಬರಹಕ್ಕಿಳಿಯಿತೇ ಎಂಬುದರ ಮೇಲೆ ಒಂದು ಮನೆಯ ಮುಂದಿನ ಬದುಕೇ ನಿಂತಿರುತ್ತದೆ. ಪಟ್ಟಿ ಬೇಕೇ ಬೇಕು. ಅದನ್ನು ಯಾರು, ಯಾವ ಮಾತಿನಲ್ಲಿ ಕೇಳಿ ಬರೆಯುತ್ತಾರೆ ಎಂಬುದೇ ನನ್ನ ಪ್ರಶ್ನೆ.

ಮಾತು ಚೆನ್ನಾಗಿ ತಲುಪಿದ ಕಡೆ ಕೆಲಸ ಹೇಗಾಗುತ್ತದೆ ಎಂಬುದಕ್ಕೂ ನಮ್ಮಲ್ಲಿ ಉದಾಹರಣೆಗಳಿವೆ. 2020ರ ಮಾರ್ಚ್ ಕೊನೆಯ ವಾರ ನೆನಪಿಸಿಕೊಳ್ಳೋಣ. ಕೋವಿಡ್ ಪ್ರಕರಣಗಳಲ್ಲಿ ಕಾಸರಗೋಡು ಕೇರಳದಲ್ಲೇ ಮುಂದಿತ್ತು. ಅತ್ತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿತ್ತು, ಒಳರಸ್ತೆಗಳಿಗೆ ಮಣ್ಣು ಸುರಿದಿದ್ದರು, ಡಯಾಲಿಸಿಸಿಗೂ ಹೃದಯದ ಕಾಯಿಲೆಗೂ ಮಂಗಳೂರನ್ನೇ ನಂಬಿದ್ದವರು ದಿಕ್ಕೆಟ್ಟಿದ್ದರು. ಆ ದಿನಗಳಲ್ಲಿ ಸಮುದಾಯ ಅಡುಗೆಮನೆಗಳನ್ನು ನಡೆಸಿದ್ದು ಸ್ಥಳೀಯ ಸಂಸ್ಥೆಗಳು ಮತ್ತು ಕುಟುಂಬಶ್ರೀಯ ಹೆಂಗಸರು. ಯಾರ ಮನೆಗೆ ಊಟ, ಯಾರಿಗೆ ಸಕ್ಕರೆ ಕಾಯಿಲೆಯ ಮಾತ್ರೆ, ಯಾವ ಬಾಡಿಗೆ ಕೋಣೆಯಲ್ಲಿ ಬಿಹಾರ, ಬಂಗಾಳದ ಕೆಲಸಗಾರರು ಸಿಕ್ಕಿಬಿದ್ದಿದ್ದಾರೆ ಎಂಬುದನ್ನು ವಾರ್ಡಿನ ಜಾಗ್ರತಾ ಸಮಿತಿಗಳು ಬಾಯಿಮಾತಿನಿಂದಲೇ ತಿಳಿದುಕೊಂಡವು. ಅರ್ಜಿ ನಮೂನೆ ತುಂಬಿಸುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಕೇಳಿದವರೂ ಹೇಳಿದವರೂ ಒಂದೇ ಬೀದಿಯವರಾದ್ದರಿಂದ ಅದರ ಅಗತ್ಯವೂ ಬೀಳಲಿಲ್ಲ.

ಸಂಕಟ ಕಾಲದ ಮಾತು ಬೇರೆ, ದಿನನಿತ್ಯದ ಮಾತು ಬೇರೆ ಎನ್ನುವವರು ತಿಂಗಳಿಗೊಮ್ಮೆ ಗೇಟಿನ ಮುಂದೆ ನಿಲ್ಲುವ ಹಸಿರು ಕ್ರಿಯಾಸೇನೆಯ ಹೆಂಗಸರ ಕೆಲಸವನ್ನು ಗಮನಿಸಬೇಕು. 2023ರ ಮಾರ್ಚಿನಲ್ಲಿ ಕೊಚ್ಚಿಯ ಬ್ರಹ್ಮಪುರದ ಕಸದ ರಾಶಿ ದಿನಗಟ್ಟಲೆ ಹೊತ್ತಿ ಉರಿದ ಮೇಲೆ ಇಡೀ ರಾಜ್ಯ ಇವರ ಮೇಲೆ ಭಾರ ಹಾಕಿತು. ಗೋಡೆಗೆ ಅಂಟಿಸಿದ ಕ್ಯೂಆರ್ ಚೀಟಿಗೆ ಮೊಬೈಲ್ ಹಿಡಿದು, ಒಣಗಿದ ಪ್ಲಾಸ್ಟಿಕ್ ಚೀಲವನ್ನು ಹೊತ್ತುಕೊಂಡು, ಬಳಕೆದಾರರ ಶುಲ್ಕಕ್ಕೆ ರಶೀದಿ ಕೊಟ್ಟು ಹೋಗುತ್ತಾರೆ. ನಮ್ಮ ಕಸಕ್ಕೆ ನಾವೇ ಯಾಕೆ ದುಡ್ಡು ಕೊಡಬೇಕು ಎಂಬ ಜಗಳ ಈಗಲೂ ನಿಂತಿಲ್ಲ. ನನ್ನ ಮಟ್ಟಿಗೆ ಅದು ನ್ಯಾಯವಿಲ್ಲದ ಜಗಳ. ಬಿಸಿಲಿನಲ್ಲಿ ಗುಡ್ಡ ಹತ್ತಿಳಿಯುವ ಆ ಹೆಂಗಸರ ಸಂಬಳ ಬರುವುದೇ ಆ ಶುಲ್ಕದಿಂದ. ಅಡಿಕೆ ತೋಟದ ಬದಿಯಲ್ಲಿ ಪ್ಲಾಸ್ಟಿಕ್ ಸುಟ್ಟು ಹೊಗೆ ಕುಡಿಯುವುದಕ್ಕೆ ಹೋಲಿಸಿದರೆ ಅದು ಹೆಚ್ಚೂ ಅಲ್ಲ.

ಆದರೆ ಅವರು ಈ ಕೆಲಸವನ್ನು ಸಾಧಿಸಿದ್ದು ಹೇಗೆ? 2023ರ ಕೊನೆಗೆ ಬಂದ ಕಾನೂನು ತಿದ್ದುಪಡಿ ಶುಲ್ಕದ ಬಾಕಿಯನ್ನು ತೆರಿಗೆಯ ಜೊತೆ ವಸೂಲಿ ಮಾಡಲು ದಾರಿ ಮಾಡಿಕೊಟ್ಟಿತು ನಿಜ. ಆ ಹೆದರಿಕೆಯಿಂದ ಹಣ ಬರಬಹುದು. ಹಾಲಿನ ತೊಟ್ಟೆಯನ್ನು ತೊಳೆದು ಒಣಗಿಸಿ ಇಡುವ ಅಭ್ಯಾಸ ಬರುವುದಿಲ್ಲ. ಅದು ಬಂದದ್ದು ಗೇಟಿನ ಮಾತಿನಿಂದ. ಮೊದಲ ಮನೆಯಲ್ಲಿ ತುಳು, ಪಕ್ಕದ ಮನೆಯಲ್ಲಿ ಮಲಯಾಳ, ಅದರಾಚೆ ಕೊಂಕಣಿ ಬೆರೆತ ಕನ್ನಡ, ಇನ್ನೊಂದು ಕಡೆ ಉರ್ದು. ಯಾವ ತರಬೇತಿಯಲ್ಲೂ ಕಲಿಸದ ಈ ಭಾಷೆಗಳ ಹೊರಳಾಟ ಆ ಹೆಂಗಸರಿಗೆ ಹುಟ್ಟಿನಿಂದ ಬಂದದ್ದು. ಸಪ್ತಭಾಷಾ ಸಂಗಮ ಭೂಮಿ ಎಂದು ವೇದಿಕೆಗಳಲ್ಲಿ ನಾವು ಹೇಳಿಕೊಳ್ಳುವುದನ್ನು ದಿನಕ್ಕೆ ಹತ್ತಾರು ಗೇಟುಗಳ ಮುಂದೆ ನಿಜ ಮಾಡುತ್ತಿರುವವರು ಇವರು. ನಗರಸಭೆ ತನ್ನ ಮಾತು ಜನರಿಗೆ ಹೇಗೆ ತಲುಪಬೇಕೆಂದು ಇವರಿಂದ ಕಲಿತಿದ್ದರೆ ಮನೆ ತೆರಿಗೆಯ ನೋಟೀಸು, ಹರಾಜಿನ ಪ್ರಕಟಣೆ, ವಾರ್ಡ್ ಸಭೆಯ ನಡಾವಳಿ ಇವೆಲ್ಲ ಬೇರೆ ರೀತಿ ಇರುತ್ತಿದ್ದವು.

ನೀರಿನ ವಿಷಯದಲ್ಲಿ ಇದೇ ಪಾಠ ಇನ್ನಷ್ಟು ಸ್ಪಷ್ಟ. ಕಾಸರಗೋಡು ಪೇಟೆಯ ನಲ್ಲಿಗೆ ನೀರು ಬರುವುದು ಬಾವಿಕೆರೆಯಿಂದ, ಪಯಸ್ವಿನಿ ಹೊಳೆಯ ನೀರು. ಬೇಸಿಗೆಯಲ್ಲಿ ಹೊಳೆಯ ಹರಿವು ಇಳಿದಾಗ ಸಮುದ್ರದ ಉಬ್ಬರ ಮೇಲೇರಿ ಉಪ್ಪು ಬೆರೆಯುತ್ತಿತ್ತು. ಪ್ರತಿ ವರ್ಷ ಮರಳಿನ ಚೀಲಗಳ ತಾತ್ಕಾಲಿಕ ಕಟ್ಟೆ, ಪ್ರತಿ ವರ್ಷ ಅದು ಕೊಚ್ಚಿಹೋಗುವುದು, ಶಾಶ್ವತ ಕಟ್ಟೆಯ ಕಾಮಗಾರಿ ನಿಂತು ನಿಂತು ಸಾಗುವುದು. ಪೇಟೆಯವರು ವರ್ಷಗಟ್ಟಲೆ ಉಪ್ಪು ನೀರು ಕುಡಿದ ಮೇಲೆ ಆ ಕಾಮಗಾರಿ ಮುಗಿಯಿತು. ಇದೇ ಜಿಲ್ಲೆಯ ಏತಡ್ಕದಂಥ ಊರುಗಳಲ್ಲಿ ಕೃಷಿಕರು ತಲೆಮಾರುಗಳಿಂದ ತೋಡುಗಳಿಗೆ ಅಡ್ಡಲಾಗಿ ಕಟ್ಟ ಹಾಕುತ್ತ ಬಂದಿದ್ದಾರೆ. ಮಳೆ ನಿಂತ ಮೇಲೆ ಸರಿಯಾದ ಹೊತ್ತು ನೋಡಿ ಕಟ್ಟುವುದು, ಮುಂದಿನ ಮಳೆಗೆ ಬಿಚ್ಚುವುದು. ಮೇಲಿನವರು ಯಾವಾಗ ಕಟ್ಟಬೇಕು, ಕೆಳಗಿನವರಿಗೆ ಎಷ್ಟು ಬಿಡಬೇಕು, ಯಾರ ಮನೆಯಿಂದ ಎಷ್ಟು ಆಳು ಎಂಬುದನ್ನೆಲ್ಲ ಮಾತಿನಲ್ಲೇ ನಿಗದಿ ಮಾಡಿಕೊಳ್ಳುತ್ತಾರೆ. ಕಟ್ಟದಲ್ಲಿ ನಿಂತ ನೀರು ಸುತ್ತಲಿನ ಬಾವಿಗಳಿಗೂ, ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗಗಳಿಗೂ ಇಳಿಯುತ್ತದೆ.

ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಉಬ್ಬರದ ಹೊಳೆಗೆ ಎದುರಾಗಿ ನಿಲ್ಲುವ ಕಟ್ಟೆಯನ್ನು ನಾಲ್ಕು ಮನೆಯವರು ಸೇರಿ ಕಟ್ಟಲಾರರು. ಸರಕಾರದ ಹಣ, ಇಂಜಿನಿಯರರ ಲೆಕ್ಕ ಎರಡೂ ಬೇಕು. ಜನರೇ ಎಲ್ಲ ಮಾಡಿಕೊಳ್ಳಲಿ ಎಂದು ನಗರಸಭೆ ಕೈತೊಳೆದುಕೊಳ್ಳುವುದನ್ನು ನಾನು ಒಪ್ಪುವವನಲ್ಲ. ಶ್ರಮದಾನದ ಹೆಸರಿನಲ್ಲಿ ಬಡವರ ಬೀದಿಯವರು ತಮ್ಮ ಚರಂಡಿ ತಾವೇ ತೆಗೆಯುವುದು, ಉಳ್ಳವರ ಬೀದಿಗೆ ಯಂತ್ರ ಬರುವುದು ಅನ್ಯಾಯ. ಕಟ್ಟದ ಉದಾಹರಣೆ ಹೇಳುವುದು ಬೇರೆಯೇ. ಅಲ್ಲಿ ಬಳಸುವವರೂ ತೀರ್ಮಾನಿಸುವವರೂ ನೋಡಿಕೊಳ್ಳುವವರೂ ಒಬ್ಬರೇ ಆದ್ದರಿಂದ ಕೆಲಸ ಪ್ರತಿ ವರ್ಷ ನಡೆಯುತ್ತದೆ. ನಗರಸಭೆಯ ಹಣ ಬಂದ ಕಡೆ ಬಳಸುವವರು ತೀರ್ಮಾನದಿಂದ ಹೊರಗೆ ಉಳಿಯಬೇಕೆಂಬ ನಿಯಮವೇನೂ ಇಲ್ಲ. 1996ರ ಯೋಜನೆ ಹೇಳಿದ್ದು ಅದರ ವಿರುದ್ಧವನ್ನೇ.

ಇನ್ನು ಭಾಷೆಯ ಮಾತು. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರಿಂದ ಇಲ್ಲಿನ ಕನ್ನಡಿಗರ ಸಾರ್ವಜನಿಕ ಬದುಕಿನ ಬಹುಪಾಲು ಗಡಿಯ ಸುತ್ತಲೇ ಸುತ್ತಿದೆ. ಗಡಿ ವಿವಾದದ ಮಹಾಜನ ಆಯೋಗ 1967ರಲ್ಲಿ ಚಂದ್ರಗಿರಿ ಹೊಳೆಯ ಉತ್ತರ ಭಾಗ ಆಗಿನ ಮೈಸೂರಿಗೆ ಸೇರಬೇಕೆಂದು ಹೇಳಿತು, ಅದು ಜಾರಿಯಾಗಲಿಲ್ಲ. ಆಮೇಲೆ ಶಾಲೆಗಳ ಹೋರಾಟ, ಕನ್ನಡ ಮಾಧ್ಯಮದ ತರಗತಿಗಳಿಗೆ ಕನ್ನಡ ಬಾರದ ಅಧ್ಯಾಪಕರ ನೇಮಕದ ವಿರುದ್ಧದ ಹೋರಾಟ, 2017ರ ಮಲಯಾಳ ಕಡ್ಡಾಯ ಕಾನೂನಿನ ಎದುರು ಬೀದಿಗಿಳಿದದ್ದು. ಇವೆಲ್ಲ ಆಗಲೇಬೇಕಿದ್ದ ಹೋರಾಟಗಳು, ಮಕ್ಕಳ ತರಗತಿಯ ವಿಷಯದಲ್ಲಿ ಮೌನ ಸಲ್ಲದು. ಆದರೆ ತಿರುವನಂತಪುರದ ಕಡೆ ಮುಖ ಮಾಡಿ ಕೂಗುವ ನಾವು, ಮನೆಯಿಂದ ಹತ್ತು ನಿಮಿಷದ ದಾರಿಯಲ್ಲಿ ನಡೆಯುವ ವಾರ್ಡ್ ಸಭೆಯನ್ನು ಬಿಟ್ಟುಕೊಟ್ಟೆವು ಎಂಬುದನ್ನೂ ಹೇಳಲೇಬೇಕು. ಕಯ್ಯಾರ ಕಿಞ್ಞಣ್ಣ ರೈಗಳನ್ನು ನಾವು ಏಕೀಕರಣದ ಕವಿಯೆಂದು ನೆನೆಯುತ್ತೇವೆ. ಅವರು ಬದಿಯಡ್ಕ ಪಂಚಾಯತಿನ ಅಧ್ಯಕ್ಷರೂ ಆಗಿದ್ದರು ಎಂಬುದನ್ನು ಅಷ್ಟಾಗಿ ನೆನೆಯುವುದಿಲ್ಲ. ಗಡಿಯ ಬಗ್ಗೆ ಅಷ್ಟು ತೀವ್ರವಾಗಿ ನಂಬಿದ ಮನುಷ್ಯ ರಸ್ತೆ, ಶಾಲೆ, ನೀರಿನ ಕಡತಗಳ ಮುಂದೆ ಕೂತು ಕೆಲಸ ಮಾಡಿದರು. ಒಂದು ಇನ್ನೊಂದಕ್ಕೆ ಅಡ್ಡಿಯಾಗಲಿಲ್ಲ.

ಹಕ್ಕು ಕಾಗದದ ಮೇಲಿದೆ. ಕೇರಳದ 1969ರ ಅಧಿಕೃತ ಭಾಷಾ ಕಾನೂನು ಕನ್ನಡ ಅಲ್ಪಸಂಖ್ಯಾತರಿಗೆ ಈ ಪ್ರದೇಶದ ಸರಕಾರಿ ಕಚೇರಿಗಳ ಜೊತೆ ಕನ್ನಡದಲ್ಲಿ ವ್ಯವಹರಿಸಲು, ಕನ್ನಡದಲ್ಲೇ ಉತ್ತರ ಪಡೆಯಲು ಅವಕಾಶ ಕೊಟ್ಟಿದೆ. ಅದನ್ನು ಬಳಸದೆ ಬಿಟ್ಟರೆ ತುಕ್ಕು ಹಿಡಿಯುತ್ತದೆ. ಈಗಿನ ಮಕ್ಕಳಿಗೆಲ್ಲ ಮಲಯಾಳ ಬರುತ್ತದಲ್ಲ, ಮತ್ತೇಕೆ ತಾಪತ್ರಯ ಎಂದು ಕೇಳುವವರಿದ್ದಾರೆ. ಮಕ್ಕಳಿಗೆ ಬರುತ್ತದೆ. ಆದರೆ ವೃದ್ಧಾಪ್ಯ ಪಿಂಚಣಿಯ ಅರ್ಜಿ ಮಕ್ಕಳದ್ದಲ್ಲ, ಪಾಲಿಯೇಟಿವ್ ನರ್ಸು ಬರುವುದು ಮಕ್ಕಳ ಹಾಸಿಗೆಯ ಬಳಿಗಲ್ಲ. ಸೇವೆಗಳು ಹೆಚ್ಚಾಗಿ ಬೇಕಾಗಿರುವುದೇ ಮಲಯಾಳ ಲಿಪಿ ಓದಲಾರದ ವಯಸ್ಸಿನವರಿಗೆ. ಅವರು ಅಕ್ಷಯ ಕೇಂದ್ರದಲ್ಲಿ ಯಾರೋ ತುಂಬಿಸಿದ ನಮೂನೆಗೆ, ಅದರಲ್ಲಿ ಏನಿದೆಯೆಂದು ತಿಳಿಯದೆ, ಹೆಬ್ಬೆಟ್ಟು ಒತ್ತುತ್ತಾರೆ. 2024ರ ಜನವರಿ 1ರಿಂದ ಕೇರಳದ ನಗರಸಭೆಗಳ ಸೇವೆಗಳು ಕೆ-ಸ್ಮಾರ್ಟ್ ಎಂಬ ಆನ್‌ಲೈನ್ ವ್ಯವಸ್ಥೆಗೆ ಹೋದ ಮೇಲೆ ಮಧ್ಯವರ್ತಿಯ ಅಗತ್ಯ ಅವರ ಪಾಲಿಗೆ ಇನ್ನೂ ಹೆಚ್ಚಾಯಿತು.

ಏಳು ಭಾಷೆಯಲ್ಲೂ ಕಾಗದ ಅಚ್ಚು ಹಾಕಲಾದೀತೇ ಎಂಬ ಇನ್ನೊಂದು ಪ್ರಶ್ನೆ ಬರುತ್ತದೆ. ಬೇಕಿಲ್ಲ. ತುಳು, ಕೊಂಕಣಿ, ಮರಾಟಿ, ಬ್ಯಾರಿ ಮನೆಗಳಲ್ಲಿ ಓದುಬರಹ ನಡೆಯುವುದು ಹೆಚ್ಚಾಗಿ ಕನ್ನಡದಲ್ಲಿ ಅಥವಾ ಮಲಯಾಳದಲ್ಲಿ. ಮಾತು ಎಲ್ಲ ಭಾಷೆಗಳಲ್ಲಿರಲಿ, ಕಾಗದ ಈ ಎರಡರಲ್ಲಿದ್ದರೆ ಸಾಕು. ಮಲಯಾಳದವರಿಗೂ ಇದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ. ತೋಡು ತುಂಬಿ ಹರಿದಾಗ ನೀರು ಯಾವ ಭಾಷೆಯ ಮನೆಯನ್ನೂ ಬಿಡುವುದಿಲ್ಲ. ಪಕ್ಕದ ಮನೆಯವರು ಸಭೆಯಲ್ಲಿ ಬಾಯಿ ಬಿಡದಿದ್ದರೆ ನಷ್ಟ ಇಬ್ಬರಿಗೂ.

ಮಾಡಬಹುದಾದ ಒಂದು ಕೆಲಸ ಇದೆ, ಅದಕ್ಕೆ ಬೇಕಾದ ಜನರೂ ಇಲ್ಲೇ ಇದ್ದಾರೆ. ವಿದ್ಯಾನಗರದ ಸರಕಾರಿ ಕಾಲೇಜು 1957ರಿಂದ ಇದೆ, ಅಲ್ಲಿ ಕನ್ನಡ ಸ್ನಾತಕೋತ್ತರ ವಿಭಾಗವಿದೆ. ಚಾಲದಲ್ಲಿ ಕಣ್ಣೂರು ವಿಶ್ವವಿದ್ಯಾಲಯದ ಭಾರತೀಯ ಭಾಷಾ ಅಧ್ಯಯನಾಂಗವಿದೆ. ಮಲಯಾಳ ಬಲ್ಲ ಕನ್ನಡ ವಿದ್ಯಾರ್ಥಿಗಳು ಎರಡೂ ಕಡೆ ಸಿಗುತ್ತಾರೆ. ಪ್ರತಿ ವಾರ್ಡ್ ಸಭೆಗೆ ಇಂಥ ಇಬ್ಬರು ಬಂದು ಕೂರಲಿ. ಜನ ಹೇಳಿದ್ದನ್ನು ಕನ್ನಡದಲ್ಲೂ ಬರೆದುಕೊಳ್ಳಲಿ. ನಡಾವಳಿ ಪುಸ್ತಕಕ್ಕೆ ಸಹಿ ಬೀಳುವ ಮೊದಲು ಅದನ್ನು ಎರಡೂ ಭಾಷೆಯಲ್ಲಿ ಗಟ್ಟಿಯಾಗಿ ಓದಲಿ. ಹೇಳಿದ್ದು ಬಿಟ್ಟುಹೋಗಿದ್ದರೆ ಹೇಳಿದವರು ಅಲ್ಲೇ ಎದ್ದು ನಿಂತು ಸೇರಿಸಲಿ. ನಡಾವಳಿಯ ಒಂದು ಪ್ರತಿಯನ್ನು ವಾರ್ಡಿನ ಅಂಗನವಾಡಿಯ ಗೋಡೆಗೆ ಅಂಟಿಸಲಿ, ಮುಂದಿನ ಸಭೆ ಅದರ ಲೆಕ್ಕ ಒಪ್ಪಿಸುವುದರಿಂದಲೇ ಶುರುವಾಗಲಿ. ಹೊಸ ಹುದ್ದೆ ಬೇಡ, ಹೊಸ ಕಾನೂನು ಬೇಡ. ವಿದ್ಯಾರ್ಥಿಗಳ ಬಸ್ ಖರ್ಚು ಮತ್ತು ಊಟಕ್ಕೆ ಬೇಕಾಗುವಷ್ಟನ್ನು ನಗರಸಭೆಯ ವಾರ್ಷಿಕ ಯೋಜನೆಯಲ್ಲೇ ಇಡಬಹುದು. ಕೌನ್ಸಿಲಿನ ಒಂದು ನಿರ್ಣಯವಾದರೆ ಮುಂದಿನ ಸರದಿಯ ವಾರ್ಡ್ ಸಭೆಗಳಲ್ಲೇ ಇದನ್ನು ಆರಂಭಿಸಲು ಸಾಧ್ಯ.