ಹರಾಜಿನ ಬೆಲೆ, ಅಂಕಣದ ಆಟ

ಪುತ್ತೂರು, ಸುಳ್ಯ, ಕಡಬದ ಬೆಳೆಗಾರ ಅಡಿಕೆ ಚೀಲದೊಂದಿಗೆ ಪೇಟೆಗೆ ಹೋದರೆ ವ್ಯಾಪಾರಿ ನಾಲ್ಕು ಅಡಿಕೆ ತುಂಡರಿಸಿ, ಒಳಗಿನ ಗುಣ ನೋಡಿ ದರ ಹೇಳುತ್ತಾನೆ. ಪ್ರೊ ಕಬಡ್ಡಿ ಹರಾಜಿನಲ್ಲಿ ಹೀಗೆ ಒಡೆದು ನೋಡಲು ಬರುವುದಿಲ್ಲ. ಹಳೆಯ ತಂಡ ಬಿಟ್ಟುಕೊಟ್ಟ ಆಟಗಾರನ ಹಿಂದಿನ ಅಂಕಗಳನ್ನು ನೋಡಿ ಮುಂದಿನ ಆಟಕ್ಕೆ ಬೆಲೆ ಕಟ್ಟಬೇಕು. ದುಬಾರಿ ಖರೀದಿಗಳು ಕೈಕೊಡುವುದು ಹೆಚ್ಚಾಗಿ ಇಲ್ಲಿಯೇ.

ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟಗಳಿಗೆ ಹೆಸರಾದ ಈ ಊರುಗಳಲ್ಲಿ ಹರಾಜಿನ ಮರುದಿನ ಹುಡುಗರ ಬಾಯಲ್ಲಿ ಕೋಟಿಯದ್ದೇ ಮಾತು. 'ಓದಿದರೆ ಅಷ್ಟು ದುಡ್ಡು ಸಿಗುತ್ತದಾ?' ಎಂದು ಮಗ ಕೇಳಿದರೆ ಅಪ್ಪ ಅಮ್ಮನಿಗೆ ಉತ್ತರ ಹೊಳೆಯುವುದಿಲ್ಲ. ಹರಾಜಿನ ನಂತರ ಏನಾಯಿತು ಎಂಬುದನ್ನೂ ಅವರು ಜೊತೆಗೆ ಕೂತು ನೋಡುವುದು ಒಳ್ಳೆಯದು.

2022ರಲ್ಲಿ ತಮಿಳ್ ತಲೈವಾಸ್ ತಂಡ ಪವನ್ ಸೆಹ್ರಾವತ್ ಅವರಿಗೆ 2.26 ಕೋಟಿ ರೂಪಾಯಿ ಕೊಟ್ಟಿತು. ಮೊದಲ ಪಂದ್ಯದಲ್ಲೇ ಅವರ ಮೊಣಕಾಲಿಗೆ ಪೆಟ್ಟು ಬಿತ್ತು. ಆ ವರ್ಷ ಅವರು ಮತ್ತೆ ಅಂಕಣಕ್ಕೆ ಇಳಿಯಲಿಲ್ಲ. ವಿಚಿತ್ರವೆಂದರೆ, ಅವರಿಲ್ಲದ ತಂಡ ಮೊದಲ ಬಾರಿಗೆ ಸೆಮಿಫೈನಲ್ ತಲುಪಿತು. 2023ರಲ್ಲಿ ತೆಲುಗು ಟೈಟನ್ಸ್ ಅವರನ್ನು 2.605 ಕೋಟಿಗೆ ಕೊಂಡಿತು. ಪವನ್ ಸುಮಾರು 200 ರೈಡ್ ಅಂಕ ಗಳಿಸಿದರು. ಆದರೂ ತಂಡ 22 ಪಂದ್ಯಗಳಲ್ಲಿ ಎರಡನ್ನು ಮಾತ್ರ ಗೆದ್ದು ಕೊನೆಯ ಸ್ಥಾನಕ್ಕೆ ಬಿತ್ತು. ಲೆಕ್ಕ ಸರಳ. ಒಂದು ತಂಡ ಆ ವರ್ಷ ಖರ್ಚು ಮಾಡಬಹುದಾದ ಒಟ್ಟು ಹಣ 5 ಕೋಟಿ. ಅರ್ಧಕ್ಕಿಂತ ಹೆಚ್ಚು ಒಬ್ಬರಿಗೇ ಹೋದರೆ ಕಾಲು ಹಿಡಿಯುವವರಿಗೆ, ಸೊಂಟ ಹಿಡಿಯುವವರಿಗೆ ಉಳಿಯುವುದೆಷ್ಟು? ಕಬಡ್ಡಿ ಏಳು ಜನರ ಆಟ.

ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್‌ನಲ್ಲೂ ಇದೇ ಕಥೆ. 2016ರಲ್ಲಿ ಹೊಸ ಟಿವಿ ಒಪ್ಪಂದದಿಂದ ತಂಡಗಳ ಸಂಬಳದ ಮಿತಿ 7 ಕೋಟಿ ಡಾಲರಿನಿಂದ 9.4 ಕೋಟಿಗೆ ಏರಿತು. ಕೈಯಲ್ಲಿ ದುಡ್ಡು ಹೆಚ್ಚಾದ ನ್ಯೂಯಾರ್ಕ್ ನಿಕ್ಸ್ ತಂಡ, ಗಾಯಗಳಿಂದ ಬಳಲಿದ್ದ ಜೋಕಿಮ್ ನೋವಾ ಅವರೊಂದಿಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರಿನ ಒಪ್ಪಂದ ಮಾಡಿತು. ಮೊದಲ ವರ್ಷ 46, ಎರಡನೇ ವರ್ಷ 7 ಪಂದ್ಯಗಳು. 2018ರಲ್ಲಿ ತಂಡವೇ ಅವರನ್ನು ಕೈಬಿಟ್ಟಿತು.

ನಮ್ಮ ಬೆಂಗಳೂರು ಬುಲ್ಸ್ ಎರಡನ್ನೂ ಕಂಡಿದೆ. 2018ರಲ್ಲಿ, ಇನ್ನೂ ಅಷ್ಟಾಗಿ ಹೆಸರು ಮಾಡದ ಇದೇ ಪವನ್ ಅವರನ್ನು 52.8 ಲಕ್ಷಕ್ಕೆ ಕೊಂಡಿತು. 2019ರ ಜನವರಿಯ ಫೈನಲಿನಲ್ಲಿ ಅವರ 22 ಅಂಕಗಳ ಬಲದಿಂದ ಪ್ರಶಸ್ತಿ ಗೆದ್ದಿತು. 2024ರಲ್ಲಿ ದೊಡ್ಡ ಹೆಸರಿನ ಪ್ರದೀಪ್ ನರ್ವಾಲ್ ಅವರನ್ನು 70 ಲಕ್ಷಕ್ಕೆ ತಂದಿತು. ತಂಡ ಕಟ್ಟಕಡೆಯ ಸ್ಥಾನ ಪಡೆಯಿತು. 2021ರಲ್ಲಿ 1.65 ಕೋಟಿ ಪಡೆದಿದ್ದ ನರ್ವಾಲ್ ಅವರನ್ನು 2025ರ ಹರಾಜಿನಲ್ಲಿ ಯಾರೂ ಕೇಳಲಿಲ್ಲ. ಅವರು ಆಟಕ್ಕೆ ವಿದಾಯ ಹೇಳಿದರು.

ಪುತ್ತೂರಿನ ಪ್ರಶಾಂತ್ ಕುಮಾರ್ ರೈ ಅವರ ಉದಾಹರಣೆ ಇನ್ನೂ ಹತ್ತಿರದ್ದು. 2018ರಲ್ಲಿ ಯುಪಿ ಯೋಧಾ ಅವರಿಗೆ 79 ಲಕ್ಷ ಕೊಟ್ಟಿತು. 2021ರಲ್ಲಿ ಪಟ್ನಾ ಪೈರೇಟ್ಸ್ ಕೊಟ್ಟದ್ದು 55 ಲಕ್ಷ. ಬೆಲೆ ಇಳಿದ ಆ ವರ್ಷವೇ ಅವರು ನಾಯಕರಾಗಿ ತಂಡವನ್ನು ಫೈನಲ್‌ವರೆಗೆ ಒಯ್ದರು. ದಬಾಂಗ್ ದೆಹಲಿ ಎದುರು ಸೋತದ್ದು ಒಂದೇ ಅಂಕದಿಂದ. ಹರಾಜಿನ ಕೂಗು ಆಟಗಾರನ ಯೋಗ್ಯತೆಯ ಅಳತೆಯಲ್ಲ. ಆ ದಿನ ಕೊಳ್ಳುವವರ ಅವಸರದ ಅಳತೆ.

ಹಾಗಾದರೆ ಮಗನನ್ನು ಆಡಲು ಬಿಡಬಾರದೇ? ಖಂಡಿತ ಬಿಡಬೇಕು. ಆದರೆ ಕೋಟಿಯ ಲೆಕ್ಕ ಹಿಡಿದು ಪುಸ್ತಕ ಮುಚ್ಚುವುದು ಬೇಡ. ರೈಡರನ ಮೊಣಕಾಲು ಒಂದೇ ಹಿಡಿತದಲ್ಲಿ ಹೋಗಬಹುದು. ರೈಲ್ವೆ, ಸೇನೆಯಂಥ ಕಡೆ ಕ್ರೀಡಾ ಕೋಟಾದ ಕೆಲಸಗಳಿವೆ. ಅಲ್ಲಿ ಅರ್ಜಿ ಹಾಕುವಾಗ ಪಂದ್ಯಾಟದ ಪ್ರಮಾಣಪತ್ರದ ಜೊತೆ ಅಂಕಪಟ್ಟಿಯನ್ನೂ ಕೇಳುತ್ತಾರೆ.