ಗಾರ್ಡ್ ಕಳಚಿದವರು ಯಾರು?

ಪವರ್ ಪ್ರೆಸ್ಸಿನಡಿ ಕಾರ್ಮಿಕನ ಬೆರಳು ಹೋದಾಗ ವರದಿಗೆ ಸುಲಭವಾಗಿ ಒದಗುವ ಪದ ‘ಅಜಾಗರೂಕತೆ’. ಅವನೇ ಗಾರ್ಡ್ ಕಳಚಿಟ್ಟಿದ್ದ, ಎರಡು ಗುಂಡಿಗಳಲ್ಲಿ ಒಂದಕ್ಕೆ ಟೇಪು ಸುತ್ತಿದ್ದ ಎಂಬ ವಿವರಣೆ ಬೆನ್ನಿಗೇ ಬರುತ್ತದೆ. ಅದು ನಿಜವೇ ಇರಬಹುದು. ಹಾಗೇಕೆ ಮಾಡಿದ ಎಂದು ಕೇಳುವವರು ವಿರಳ.

ಎರಡೂ ಕೈಗಳು ಗುಂಡಿಗಳ ಮೇಲಿದ್ದರಷ್ಟೇ ಪ್ರೆಸ್ ಕೆಳಗಿಳಿಯಬೇಕು. ಗುಂಡಿಯ ಮೇಲಿರುವ ಕೈ ಡೈ ನಡುವೆ ಇರಲಾರದು. ಏರ್ಪಾಡಿನ ತರ್ಕ ಇಷ್ಟೇ. ಒಂದು ಗುಂಡಿಯನ್ನು ಕಟ್ಟಿಹಾಕಿದರೆ ಪ್ರತಿ ತುಂಡಿಗೂ ಒಂದಿಷ್ಟು ಸಮಯ ಉಳಿಯುತ್ತದೆ. ಪಾಳಿಯ ಕೊನೆಗೆ ಲೆಕ್ಕಕ್ಕೆ ಬರುವುದು ಆ ಉಳಿಕೆಯೇ. ಮೇಲ್ವಿಚಾರಕನಿಗೂ ಅದು ಗೊತ್ತು. ನೋಡಿಯೂ ನೋಡದಂತೆ ಮುಂದೆ ಸಾಗುತ್ತಾನೆ.

ಈ ಜಗಳ ಹಳೆಯದು. ಗಿರಣಿಯ ತಿರುಗುವ ದಂಡ, ಚಕ್ರಗಳಿಗೆ ಬೇಲಿ ಹಾಕಬೇಕೆಂದು ಬ್ರಿಟನ್ನಿನ 1844ರ ಕಾಯ್ದೆ ವಿಧಿಸಿತು. ಅದನ್ನು ವಿರೋಧಿಸಲು ಮಾಲೀಕರು 1855ರಲ್ಲಿ ಸಂಘ ಕಟ್ಟಿದರು. ಚಾರ್ಲ್ಸ್ ಡಿಕನ್ಸ್ ಸಂಪಾದಕತ್ವದ ಪತ್ರಿಕೆ ಅದನ್ನು ಕೂಲಿಕಾರರನ್ನು ಜಜ್ಜುವವರ ಸಂಘವೆಂದು ಹಂಗಿಸಿತು. ಆದರೂ ಮರುವರ್ಷವೇ ಕಾಯ್ದೆ ಸಡಿಲಗೊಂಡಿತು.

ಭಾರತದ 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು, ಯಂತ್ರ ಚಲಿಸುವಷ್ಟು ಹೊತ್ತೂ ಗಾರ್ಡ್ ಸ್ವಸ್ಥಾನದಲ್ಲಿರಬೇಕು ಎಂದಿತು. ಮಾತು ಸ್ಪಷ್ಟ, ಆದರೆ ಗಂಟೆಗಿಷ್ಟು ತುಂಡೆಂಬ ಗುರಿಯ ಬಗ್ಗೆ ಆ ಕಲಮು ಮೌನಿ. ತನಿಖಾಧಿಕಾರಿಯು ಗಾರ್ಡ್ ಇದೆಯೇ ಎಂದು ನೋಡಿ ಹೊರಟರೆ ಸಾಲದು. ಗಾರ್ಡ್ ಹಾಕಿಯೇ ಒಂದು ಗಂಟೆ ಯಂತ್ರ ಓಡಿಸಿ, ಹೊರಬಂದ ತುಂಡುಗಳನ್ನು ಎಣಿಸಿ, ನಿಗದಿಯಾದ ಗುರಿಯೊಡನೆ ತಾಳೆ ನೋಡಬೇಕು. ಗುರಿಯೇ ಹೆಚ್ಚಿದ್ದರೆ, ನೋಟಿಸು ಅದನ್ನು ನಿಗದಿಪಡಿಸಿದವರ ಹೆಸರಿಗೆ ಹೋಗಬೇಕು.